ಲ್ಯಾಬಿನೊಳಗೊಂದು ಡ್ರಾಯಿಂಗ್ ಮೇಜು

ಕಲಾವಿದರು ಕೆಲವು ತಿಂಗಳು ವಿಜ್ಞಾನದ ಲ್ಯಾಬೊಂದರಲ್ಲಿ ಕೂತು ತಮ್ಮ ಕೆಲಸ ಮಾಡುವ ರೆಸಿಡೆನ್ಸಿಗೆ ಅರ್ಜಿ ಹಾಕಿದ್ದೆ. ಅದರ ಫಾರಮ್ಮಿನಲ್ಲಿ ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಸತಾಯಿಸಿದ್ದು ಒಂದೇ ಸಾಲಿನ ಪ್ರಶ್ನೆ: ‘ರೆಸಿಡೆನ್ಸಿ ಮುಗಿಯುವ ಹೊತ್ತಿಗೆ ಏನು ಸಿದ್ಧವಾಗಿರುತ್ತದೆ?’ ಇನ್ನೂ ಲ್ಯಾಬಿನ ಹೊಸ್ತಿಲು ದಾಟಿಲ್ಲ. ಅಲ್ಲಿ ಯಾರು ಏನು ಮಾಡುತ್ತಾರೆ ಅನ್ನೋದೇ ಸರಿಯಾಗಿ ಗೊತ್ತಿಲ್ಲ. ಆಗಲೇ ಕೊನೆಗೆ ಏನು ಬರುತ್ತದೆ ಅಂತ ಬರೆಯೋದು ಹೇಗೆ? ಗೊತ್ತಿದ್ದರೆ ಅಲ್ಲಿಗೆ ಹೋಗುವ ಅಗತ್ಯವೇ ಇರಲಿಲ್ಲ, ಅಲ್ವಾ? ಹಾಗಂತ ಖಾಲಿ ಬಿಟ್ಟರೆ ಅರ್ಜಿ ಮೊದಲ ಸುತ್ತಿನಲ್ಲೇ ಕಸದ ಬುಟ್ಟಿಗೆ.

ನಾನು ಪೆನ್ಸಿಲ್ ಮತ್ತು ಶಾಯಿಯಲ್ಲಿ ಚಿತ್ರ ಬರೆಯುವ ಮನುಷ್ಯ. ಹೋಗಬೇಕು ಅಂದುಕೊಂಡಿದ್ದು ಜೀಬ್ರಾ ಮೀನಿನ ಭ್ರೂಣಗಳ ಮೇಲೆ ಕೆಲಸ ಮಾಡುವ ಒಂದು ಲ್ಯಾಬಿಗೆ. ಈ ಮೀನಿನ ಮೊಟ್ಟೆಯೂ ಪಾರದರ್ಶಕ, ಒಳಗಿನ ಭ್ರೂಣವೂ ಪಾರದರ್ಶಕ. ಒಂದು ಕೋಶ ಎರಡಾಗಿ, ನಾಲ್ಕಾಗಿ, ಸುಮಾರು ಒಂದು ದಿನದಲ್ಲಿ ಕಣ್ಣು, ಬಾಲ, ಬಡಿಯಲು ಶುರುಮಾಡಿದ ಹೃದಯ ಇರುವ ಜೀವವಾಗೋದನ್ನು ಏನನ್ನೂ ಕೊಯ್ಯದೆ ನೋಡಬಹುದು. ಹಣ ಒಂದು ಫೌಂಡೇಶನ್ನಿನದು, ಜಾಗ ಸಂಶೋಧನಾ ಸಂಸ್ಥೆಯದು, ನಡುವೆ ನಾನು. ಕೊನೆಗೆ ಆ ಕಾಲಮ್ಮಿನಲ್ಲಿ ಹೀಗೆ ಬರೆದೆ: ‘ಭ್ರೂಣದ ಮೊದಲ ದಿನದ ಚಿತ್ರಗಳ ಒಂದು ಸರಣಿ ಬರುತ್ತದೆ. ಅದು ಪುಸ್ತಕವಾಗುತ್ತದೋ ಪ್ರದರ್ಶನವಾಗುತ್ತದೋ ಅಂತ ಅರ್ಧ ಅವಧಿ ಕಳೆದ ಮೇಲೆ ಲ್ಯಾಬಿನವರ ಜೊತೆ ಕೂತು ತೀರ್ಮಾನ ಮಾಡುತ್ತೇನೆ.’ ಸುಮ್ನೆ ದೊಡ್ಡ ಮಾತು ಬರೆಯುವುದಕ್ಕಿಂತ ಇದೇ ವಾಸಿ ಅನ್ನಿಸಿತು.

ಅರ್ಜಿ ಹಾಕುವ ಮುಂಚೆ ಬೇರೆ ಬೇರೆ ಕಡೆಯ ನಿಯಮಗಳನ್ನು ಕೂತು ಓದಿದ್ದೆ. ರೆಸಿಡೆನ್ಸಿ ಅನ್ನುವ ಹೆಸರು ಎಲ್ಲ ಕಡೆ ಒಂದೇ, ಒಳಗಿನ ಲೆಕ್ಕ ಮಾತ್ರ ಬೇರೆ ಬೇರೆ. ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಶನ್ ಕಲಾವಿದರನ್ನೂ ಬರಹಗಾರರನ್ನೂ ಅಂಟಾರ್ಕ್ಟಿಕಾಕ್ಕೆ ಕಳಿಸಿದ ಕಾರ್ಯಕ್ರಮವನ್ನೇ ತಗೊಳ್ಳಿ. ಪ್ರಯಾಣ, ವಸತಿ, ಊಟ, ಚಳಿಗೆ ಬೇಕಾದ ಬಟ್ಟೆಬರೆ ಸಿಗುತ್ತಿತ್ತು, ಕೈಗೆ ಸಂಭಾವನೆ ಅಂತ ಏನೂ ಇರಲಿಲ್ಲ. ಹೊರಡುವ ಮುಂಚೆ ಹಲ್ಲಿನ ತಪಾಸಣೆಯೂ ಸೇರಿದಂತೆ ಪೂರ್ತಿ ವೈದ್ಯಕೀಯ ಪರೀಕ್ಷೆ ಪಾಸಾಗಬೇಕಿತ್ತು. ಜಿನೀವಾ ಪಕ್ಕದ ಕಣಭೌತವಿಜ್ಞಾನದ ಸಂಶೋಧನಾ ಕೇಂದ್ರ ಸರ್ನ್, ಕಲಾವಿದರಿಗಾಗಿ ತನ್ನ ‘ಕೊಲೈಡ್’ ಕಾರ್ಯಕ್ರಮವನ್ನು 2011ರಲ್ಲಿ ಘೋಷಿಸಿತು. 2012ರಲ್ಲಿ ಅಲ್ಲಿಗೆ ಮೊದಲು ಹೋದವರು ಜರ್ಮನಿಯ ಕಲಾವಿದ ಯೂಲಿಯುಸ್ ಫಾನ್ ಬಿಸ್ಮಾರ್ಕ್. ಅವರ ಜೊತೆಗೆ ಜೇಮ್ಸ್ ವೆಲ್ಸ್ ಅನ್ನುವ ಭೌತವಿಜ್ಞಾನಿಯನ್ನು ಜೋಡಿ ಮಾಡಿದ್ದರು. ಎರಡು ತಿಂಗಳು ಸರ್ನ್‌ನಲ್ಲಿ, ಮತ್ತೊಂದು ತಿಂಗಳು ಆಸ್ಟ್ರಿಯಾದ ಲಿಂಟ್ಸ್‌ನಲ್ಲಿರುವ, ಕಲೆ ಮತ್ತು ತಂತ್ರಜ್ಞಾನದ ಸಂಸ್ಥೆ ಆರ್ಸ್ ಎಲೆಕ್ಟ್ರಾನಿಕಾದಲ್ಲಿ. ಪಶ್ಚಿಮ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದಲ್ಲಿ 2000ದಲ್ಲಿ ಶುರುವಾದ, ಕಲಾವಿದರಿಗಾಗಿಯೇ ಇದ್ದ ಜೀವವಿಜ್ಞಾನದ ಲ್ಯಾಬ್ ಸಿಂಬಯಾಟಿಕಾ ಇನ್ನೊಂದು ಥರ. ಅಲ್ಲಿ ಕಲಾವಿದರು ನೋಡುತ್ತಾ ನಿಲ್ಲುತ್ತಿರಲಿಲ್ಲ, ತಾವೇ ಕೈಗವಸು ಹಾಕಿಕೊಂಡು ಕೋಶ ಬೆಳೆಸುತ್ತಿದ್ದರು.

ಇವುಗಳ ಪೈಕಿ ನನಗೆ ನಿಜವಾಗಿ ಕೆಲಸಕ್ಕೆ ಬಂದದ್ದು ಹಳೆಯದೊಂದು ಪ್ರಯೋಗ. 1966ರಲ್ಲಿ ಬ್ರಿಟನ್ನಿನಲ್ಲಿ ಬಾರ್ಬರಾ ಸ್ಟೆವೆನಿ ಮತ್ತು ಜಾನ್ ಲೇಥಮ್ ಅನ್ನುವ ಕಲಾವಿದರು ಸೇರಿ ಆರ್ಟಿಸ್ಟ್ ಪ್ಲೇಸ್‌ಮೆಂಟ್ ಗ್ರೂಪ್ ಕಟ್ಟಿದರು. ಕಾರ್ಖಾನೆಗಳಿಗೆ, ಆಮೇಲೆ ಸರ್ಕಾರಿ ಇಲಾಖೆಗಳಿಗೆ ಕಲಾವಿದರನ್ನು ಕಳಿಸುವುದು ಅವರ ಕೆಲಸ. ಅವರ ಷರತ್ತು ಖಡಕ್ಕಾಗಿತ್ತು. ಕಲಾವಿದರಿಗೆ ಸಂಬಳ ಕೊಡಬೇಕು, ಆದರೆ ಇಂಥದ್ದೇ ಮಾಡಿಕೊಡಿ ಅಂತ ಕೇಳುವ ಹಾಗಿಲ್ಲ. ಇದಕ್ಕೆ ಅವರು ಓಪನ್ ಬ್ರೀಫ್ ಅನ್ನುತ್ತಿದ್ದರು. ಈ ಮಾತನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡೆ. ಮುಂದೆ ಉಪಯೋಗಕ್ಕೂ ಬಂತು.

ಅರ್ಜಿಯ ಜೊತೆಗೆ ಲ್ಯಾಬಿನ ಮುಖ್ಯಸ್ಥರ ಒಪ್ಪಿಗೆ ಪತ್ರ ಬೇಕಿತ್ತು. ಅದಕ್ಕಾಗಿ ಕೆಲವು ಲ್ಯಾಬುಗಳಿಗೆ ಬರೆದೆ. ಹೆಚ್ಚಿನ ಕಡೆಯಿಂದ ಉತ್ತರ ಬರಲಿಲ್ಲ. ಒಂದು ಕಡೆಯಿಂದ ಬಂದ ಉತ್ತರ: ‘ನಮ್ಮ ವೆಬ್‌ಸೈಟಿಗೆ ಒಳ್ಳೆ ಚಿತ್ರಗಳು ಬೇಕಾಗಿವೆ, ಖಂಡಿತ ಬನ್ನಿ.’ ಅದು ಬೇರೆ ಕೆಲಸ. ಅದಕ್ಕೆ ಬೇರೆ ದರವೂ ಇದೆ. ಕೊನೆಗೆ ಒಪ್ಪಿದ ಪ್ರೊಫೆಸರ್ ಮಾತ್ರ ಫೋನಿನಲ್ಲಿ ಮೊದಲು ಕೇಳಿದ್ದೇ, ‘ನೀವು ಗಂಟೆಗಟ್ಟಲೆ ಒಂದೇ ಕಡೆ ಕೂತು ನೋಡಬಲ್ಲಿರಾ? ನಮ್ಮ ಹುಡುಗರಿಗೆ ಈಗ ಅದಕ್ಕೆ ಪುರುಸೊತ್ತಿಲ್ಲ, ಎಲ್ಲವನ್ನೂ ಕ್ಯಾಮೆರಾ ನೋಡುತ್ತದೆ’ ಅಂತ. ನಾನು ಇದಕ್ಕಿಂತ ಒಳ್ಳೆ ಪ್ರಶ್ನೆ ಕೇಳಿಸಿಕೊಂಡಿರಲಿಲ್ಲ.

ಬಜೆಟ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕಂದ್ರೆ ಕಲಾವಿದರು ಕೈ ಸುಟ್ಟುಕೊಳ್ಳೋದು ಇಲ್ಲೇ. ಒಟ್ಟು ಮೊತ್ತ ನೋಡಿದರೆ ಯಾವ ಅನುದಾನವೂ ದೊಡ್ಡದಾಗೇ ಕಾಣುತ್ತದೆ. ಅದರೊಳಗೆ ನಿಮ್ಮ ಸಂಭಾವನೆ ಯಾವುದು, ಸಾಮಗ್ರಿ ಖರ್ಚು ಯಾವುದು, ಪ್ರಯಾಣ ಮತ್ತು ವಸತಿ ಯಾವುದು ಅಂತ ಬೇರೆ ಬೇರೆ ಸಾಲು ಇರಬೇಕು. ಎಲ್ಲಾ ಒಂದೇ ಗಂಟಿನಲ್ಲಿದ್ದರೆ ಕಾಗದ, ಪ್ರಿಂಟು, ಫ್ರೇಮು, ಸಾಗಣೆ ಎಲ್ಲವೂ ಸಂಭಾವನೆಯನ್ನೇ ತಿನ್ನುತ್ತವೆ. ಎರಡನೆಯದು, ಹಣ ಯಾವಾಗ ಬರುತ್ತದೆ ಅನ್ನೋದು. ‘ಮೊದಲು ಖರ್ಚು ಮಾಡಿ, ಆಮೇಲೆ ರಸೀದಿ ಕೊಡಿ’ ಅನ್ನುವ ಪದ್ಧತಿ ತಿಂಗಳ ಸಂಬಳ ಇರುವವರಿಗೆ ಸರಿ. ನಮ್ಮಂಥವರಿಗೆ ಅದು ಸಾಲದ ದಾರಿ. ನನ್ನ ಒಪ್ಪಂದದಲ್ಲಿ ಸಹಿ ಹಾಕಿದಾಗ ಒಂದು ಕಂತು, ಮಧ್ಯದಲ್ಲಿ ಒಂದು, ಅಂತಿಮ ವರದಿ ಕೊಟ್ಟ ಮೇಲೆ ಒಂದು ಅಂತ ಇತ್ತು. ಮೊದಲ ಕಂತು ಚಿಕ್ಕದಿತ್ತು. ಕೇಳಿ ದೊಡ್ಡದು ಮಾಡಿಸಿಕೊಂಡೆ. ಕೇಳಿದರೆ ಕೊಡುತ್ತಾರೆ, ಕೇಳುವವರು ಕಡಿಮೆ.

ಇನ್ನೊಂದು ಸಾಲು ಯಾವ ಬಜೆಟ್ಟಿನಲ್ಲೂ ಕಾಣೋದಿಲ್ಲ: ವಿಜ್ಞಾನಿಗಳ ಸಮಯ. ನನಗೆ ಸಂಭಾವನೆ ಇದೆ, ಆದರೆ ನನಗೆ ಮೈಕ್ರೋಸ್ಕೋಪ್ ಹೇಳಿಕೊಡುವ ಪಿಎಚ್‌ಡಿ ವಿದ್ಯಾರ್ಥಿನಿಗೆ ಏನು ಸಿಗುತ್ತದೆ? 1966ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನಲ್ಲಿ ಕಲೆ ಮತ್ತು ತಂತ್ರಜ್ಞಾನ ಸೇರಿಸಿದ ‘ನೈನ್ ಈವ್ನಿಂಗ್ಸ್’ ಪ್ರದರ್ಶನಗಳು ನಡೆದಾಗ, ಇಂಜಿನಿಯರ್ ಬಿಲ್ಲಿ ಕ್ಲೂವರ್ ದೂರವಾಣಿ ಕಂಪನಿಯ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನ ಸುಮಾರು 30 ಇಂಜಿನಿಯರುಗಳನ್ನು 10 ಕಲಾವಿದರ ಜೊತೆ ಸೇರಿಸಿದ್ದರು. ಆ ಇಂಜಿನಿಯರುಗಳು ಸಾವಿರಾರು ಗಂಟೆ ದುಡಿದರು. ಇವತ್ತಿಗೂ ಕಲಾವಿದರ ಹೆಸರೇ ಎಲ್ಲರ ಬಾಯಲ್ಲಿರೋದು. ನಾನು ಸಾಮಗ್ರಿ ಖರ್ಚಿನಿಂದ ಒಂದಷ್ಟು ತೆಗೆದು ಲ್ಯಾಬಿನ ಹೆಸರಿಗೆ ಹಾಕಿದೆ, ಮೈಕ್ರೋಸ್ಕೋಪ್ ಬಾಡಿಗೆಯ ಗಂಟೆಗಳಿಗೆ ಅಂತ. ಫೌಂಡೇಶನ್ನಿನ ಹಣಕಾಸು ಅಧಿಕಾರಿಗೆ ಇದು ಯಾವ ಕಾಲಮ್ಮಿಗೂ ಹೊಂದಲಿಲ್ಲ. ಎರಡು ಮೂರು ಇಮೇಲ್ ಆದ ಮೇಲೆ ‘ಇತರೆ’ ಅಂತ ಒಪ್ಪಿಕೊಂಡರು.

ಸಂದರ್ಶನ ಚುಟುಕಾಗಿ ಮುಗಿಯಿತು. ‘ನಿಮ್ಮಿಂದ ವಿಜ್ಞಾನಕ್ಕೆ ಏನು ಲಾಭ?’ ಅಂತ ಒಬ್ಬರು ಕೇಳಿಯೇ ಕೇಳುತ್ತಾರೆ. ಲಾಭ ಆಗುತ್ತದೆ ಅಂತ ನಾನು ಮಾತು ಕೊಡಲಿಲ್ಲ. ‘ಅವರು ನೋಡುವುದನ್ನೇ ನಾನೂ ನೋಡುತ್ತೇನೆ, ಬೇರೆ ವೇಗದಲ್ಲಿ’ ಅಂದೆ. ಸಾಕಾಯಿತೇನೋ.

ಒಪ್ಪಂದಕ್ಕೆ ಮಾತ್ರ ತಿಂಗಳುಗಟ್ಟಲೆ ಹಿಡಿಯಿತು. ಮೊದಲ ಕರಡಿನ ಪ್ರಕಾರ, ಅವಧಿಯಲ್ಲಿ ನಾನು ಬರೆದದ್ದೆಲ್ಲ ಸಂಸ್ಥೆಯ ಆಸ್ತಿ. ಅದು ಅವರ ಉದ್ಯೋಗಿಗಳ ಮಾಮೂಲಿ ಕಾಗದ. ಹೆಸರಿನ ಜಾಗದಲ್ಲಿ ನನ್ನ ಹೆಸರು ಹಾಕಿ ಕಳಿಸಿದ್ದರು, ಅಷ್ಟೇ. ಮಾತುಕತೆ ಆದ ಮೇಲೆ ಹೀಗಾಯಿತು: ಚಿತ್ರಗಳೂ ಹಕ್ಕುಸ್ವಾಮ್ಯವೂ ನನ್ನವು. ಲ್ಯಾಬಿನವರು ತಮ್ಮ ಭಾಷಣಗಳಲ್ಲಿ, ಪಾಠಗಳಲ್ಲಿ ನನ್ನ ಹೆಸರು ಹಾಕಿ ಬಳಸಬಹುದು. ಜರ್ನಲ್ಲಿನ ಮುಖಪುಟಕ್ಕೆ ಅಂದ್ರೆ ಮತ್ತೆ ಕೇಳಬೇಕು. ನನ್ನ ಕಡೆಯಿಂದಲೂ ಒಂದು ಕಟ್ಟುಪಾಡು ಇತ್ತು. ಇನ್ನೂ ಪ್ರಕಟವಾಗದ ಫಲಿತಾಂಶ ಗೊತ್ತಾಗುವಂಥ ಚಿತ್ರವನ್ನು ಅವರ ಪೇಪರ್ ಹೊರಬರುವ ತನಕ ತೋರಿಸುವ ಹಾಗಿಲ್ಲ. ಇದು ನ್ಯಾಯವಾದದ್ದೇ. ಒಬ್ಬರ ವರ್ಷಗಳ ದುಡಿಮೆ ನನ್ನ ಒಂದು ಇನ್‌ಸ್ಟಾಗ್ರಾಂ ಪೋಸ್ಟಿನಿಂದ ಬಯಲಾಗಬಾರದು. ಓಪನ್ ಬ್ರೀಫ್ ಅನ್ನೂ ಒಂದು ಸಾಲಾಗಿ ಸೇರಿಸಿದೆ: ‘ಸಂಸ್ಥೆಯು ಕಲಾವಿದರಿಂದ ನಿರ್ದಿಷ್ಟ ಕೃತಿಯನ್ನು ಅಪೇಕ್ಷಿಸುವುದಿಲ್ಲ.’

ಆಮೇಲೆ ತರಬೇತಿಗಳು. ರಾಸಾಯನಿಕ ಸುರಕ್ಷತೆ, ಜೈವಿಕ ಸುರಕ್ಷತೆ, ಬೆಂಕಿ, ಲೇಸರ್. ಪ್ರಾಣಿಗಳಿರುವ ಕೋಣೆಗೆ ಹೋಗೋದಕ್ಕೆ ಬೇರೆಯೇ ಅನುಮತಿ. ಮೊದಮೊದಲು ನನ್ನ ಕಾರ್ಡಿಗೆ ಅರ್ಧ ಬಾಗಿಲುಗಳು ತೆರೆಯುತ್ತಿರಲಿಲ್ಲ. ಕಾರಿಡಾರಿನಲ್ಲಿ ನಿಂತು ಯಾರಾದರೂ ಬರಲಿ ಅಂತ ಕಾಯುತ್ತಿದ್ದೆ. ವಾರದ ಲ್ಯಾಬ್ ಮೀಟಿಂಗಿಗೆ ಹೋಗಿ ಹಿಂದೆ ಕೂರುತ್ತಿದ್ದೆ. ಅಲ್ಲಿ ಯಾರ ಪ್ರಯೋಗ ಯಾಕೆ ಆಗಲಿಲ್ಲ ಅನ್ನುವ ಮಾತೇ ಜಾಸ್ತಿ. ಹೊರಗಿನವರು ಲ್ಯಾಬ್ ಅಂದ್ರೆ ಏನು ಅಂತ ತಿಳಿಯಬೇಕಾದರೆ ಯಂತ್ರಗಳನ್ನು ನೋಡೋದಕ್ಕಿಂತ ಈ ಮೀಟಿಂಗಿನಲ್ಲಿ ಕೂರೋದು ಒಳ್ಳೇದು.

ಕೆಲಸ ಶುರುವಾಗುವುದು ಬೆಳಿಗ್ಗೆ ದೀಪ ಹತ್ತುವ ಹೊತ್ತಿಗೆ. ಮೀನಿನ ಕೋಣೆಯಲ್ಲಿ 14 ಗಂಟೆ ಬೆಳಕು, 10 ಗಂಟೆ ಕತ್ತಲು. ಹಿಂದಿನ ಸಂಜೆಯೇ ಚಿಕ್ಕ ತೊಟ್ಟಿಗಳಲ್ಲಿ ಗಂಡು ಹೆಣ್ಣು ಮೀನುಗಳನ್ನು ಬಿಟ್ಟು, ನಡುವೆ ಪಾರದರ್ಶಕ ತಡೆ ಇಟ್ಟಿರುತ್ತಾರೆ. ದೀಪ ಹತ್ತಿದ ಮೇಲೆ ತಡೆ ತೆಗೆಯುತ್ತಾರೆ. ಸ್ವಲ್ಪ ಹೊತ್ತಿನಲ್ಲೇ ಮೊಟ್ಟೆಗಳು ಬೀಳುತ್ತವೆ. ತೊಟ್ಟಿಯ ತಳದಲ್ಲಿ ಜಾಲರಿ ಇರುತ್ತದೆ, ಯಾಕಂದ್ರೆ ಈ ಮೀನುಗಳು ತಮ್ಮ ಮೊಟ್ಟೆಯನ್ನೇ ತಿಂದುಬಿಡುತ್ತವೆ. ಜಾಲರಿ ದಾಟಿ ಕೆಳಗೆ ಬಿದ್ದದ್ದು ಉಳಿಯಿತು. ಅದನ್ನು ಸೋಸಿ ತೆಗೆಯೋದು ಯಾವುದರಲ್ಲಿ ಅಂದ್ರೆ, ಮಾಮೂಲಿ ಟೀ ಸೋಸುವ ಜರಡಿಯಲ್ಲಿ. ಪಕ್ಕದ ಕೋಣೆಯಲ್ಲಿ ಲೇಸರ್ ಮೈಕ್ರೋಸ್ಕೋಪ್, ಇಲ್ಲಿ ಟೀ ಜರಡಿ.

ನನಗೆ ಕೊಟ್ಟ ಮೇಜಿನಲ್ಲಿ ಒಂದು ಹಳೆಯ ಸ್ಟೀರಿಯೋ ಮೈಕ್ರೋಸ್ಕೋಪ್ ಇತ್ತು, ಅದಕ್ಕೆ ಡ್ರಾಯಿಂಗ್ ಟ್ಯೂಬ್. ಬೀರುವಿನ ಮೂಲೆಯಲ್ಲಿ ಧೂಳು ಹಿಡಿದಿದ್ದನ್ನು ಪ್ರೊಫೆಸರೇ ಹುಡುಕಿ ತಂದಿದ್ದರು. 1806ರಲ್ಲಿ ವಿಲಿಯಂ ವೊಲಾಸ್ಟನ್ ಪೇಟೆಂಟ್ ಪಡೆದ ಕ್ಯಾಮೆರಾ ಲೂಸಿಡಾದ ವಂಶ ಇದು. ಐಪೀಸಿನಲ್ಲಿ ಕಣ್ಣಿಟ್ಟರೆ ಭ್ರೂಣ ಕಾಣುತ್ತದೆ, ಅದರ ಮೇಲೆಯೇ ಪಕ್ಕದ ಕಾಗದವೂ ನಿಮ್ಮ ಕೈಯೂ ಪೆನ್ಸಿಲ್ ತುದಿಯೂ ಕಾಣುತ್ತವೆ. ಸುಲಭ ಅನ್ನಿಸುತ್ತದೆ. ಆದರೆ ಕಾಗದದ ಮೇಲಿನ ದೀಪ ಸ್ವಲ್ಪ ಜಾಸ್ತಿಯಾದರೆ ಭ್ರೂಣ ಮಾಯ. ಕಡಿಮೆಯಾದರೆ ಪೆನ್ಸಿಲ್ ಮಾಯ. ಎಡಗೈ ಇಡೀ ಹೊತ್ತು ದೀಪದ ತಿರುಗಣಿಯ ಮೇಲೆ, ಬಲಗೈ ಗೆರೆಯ ಮೇಲೆ.

ಮತ್ತೆ ಸಮಯ. 28.5 ಡಿಗ್ರಿಯಲ್ಲಿ ಇಟ್ಟರೆ ಮೊದಲ ವಿಭಜನೆ ಸುಮಾರು 45 ನಿಮಿಷಕ್ಕೆ. ಅಲ್ಲಿಂದ ಮುಂದೆ ಹೆಚ್ಚುಕಡಿಮೆ 15 ನಿಮಿಷಕ್ಕೊಂದು. ನಾಲ್ಕು ಕೋಶಗಳನ್ನು ಬರೆಯುತ್ತಾ ಕೂತಿದ್ದೀರಿ, ಮೂರರ ಅಂಚು ಮುಗಿದಿದೆ, ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಮೊದಲನೆಯದರ ನಡುವೆ ಒಂದು ಗೀರು ಇಳಿಯುತ್ತಿರುತ್ತದೆ. ಮಾಡೆಲ್ ಅಲುಗಾಡಿದರೆ ‘ಸ್ವಲ್ಪ ಹಾಗೇ ಇರಿ’ ಅನ್ನಬಹುದು. ಇದಕ್ಕೆ ಏನು ಹೇಳೋದು? ಕೋಣೆ ತಣ್ಣಗಿದ್ದರೆ ವಿಭಜನೆ ನಿಧಾನವಾಗುತ್ತದೆ. ಹಾಗಾಗಿ ಪ್ರತಿ ಚಿತ್ರದ ಮೂಲೆಯಲ್ಲಿ ಗಂಟೆಯ ಜೊತೆಗೆ ತಾಪಮಾನವನ್ನೂ ಬರೆಯಿರಿ ಅಂತ ವಿದ್ಯಾರ್ಥಿನಿ ಹೇಳಿಕೊಟ್ಟರು. ಅವರಿಗೆ ನನ್ನ ಕೆಲಸದ ಮೇಲೆ ಸ್ವಲ್ಪ ಗುಮಾನಿಯೂ ಇತ್ತು. ‘ಹೆಕೆಲ್ ಮಾಡಿದ ಹಾಗೆ ಮಾಡಬೇಡಿ ಮತ್ತೆ’ ಅಂದರು ನಗುತ್ತಾ. 19ನೇ ಶತಮಾನದಲ್ಲಿ ಜರ್ಮನಿಯ ಜೀವವಿಜ್ಞಾನಿ ಅರ್ನ್ಸ್ಟ್ ಹೆಕೆಲ್ ಬೇರೆ ಬೇರೆ ಪ್ರಾಣಿಗಳ ಭ್ರೂಣಗಳನ್ನು, ಅವು ಇರುವುದಕ್ಕಿಂತ ಹೆಚ್ಚು ಒಂದೇ ಥರ ಕಾಣುವ ಹಾಗೆ ಬರೆದು ಬೈಸಿಕೊಂಡಿದ್ದರು. ಕೈ ತನಗೆ ಬೇಕಾದ್ದನ್ನು ಸೇರಿಸಿಬಿಡುತ್ತದೆ ಅನ್ನುವ ಭಯ ಈ ಕ್ಷೇತ್ರದಲ್ಲಿ ಹಳೆಯದು. ಹಾಗೆಯೇ ಕೈಯಿಂದ ಸ್ಪೇನಿನ ವಿಜ್ಞಾನಿ ಸಾಂತಿಯಾಗೊ ರಾಮೋನ್ ಇ ಕಹಾಲ್ ನರಕೋಶಗಳನ್ನು ಬರೆದು 1906ರ ನೊಬೆಲ್ ಪಡೆದದ್ದೂ ಉಂಟು. ಅದನ್ನು ನಾನು ನೆನಪಿಸಿದೆ.

ಒಂದು ಮಧ್ಯಾಹ್ನ ಅವರು ನನ್ನ ಹಾಳೆಗಳನ್ನು ತಿರುವುತ್ತಾ ಒಂದರಲ್ಲಿ ನಿಂತರು. ಎಂಟು ಕೋಶಗಳ ಹಂತ, ಪಕ್ಕದಿಂದ ನೋಡಿ ಬರೆದದ್ದು.

‘ಇಲ್ಲಿ ಕೆಳಗಿನ ಗೆರೆ ಹಾಕಿಲ್ಲವಲ್ಲ?’

‘ನನಗೆ ಕಾಣಲಿಲ್ಲ. ಮೇಲೆ, ಪಕ್ಕದಲ್ಲಿ ಅಂಚು ಇದೆ. ಕೆಳಗೆ ಮೊಟ್ಟೆಯ ಹಳದಿಯ ಕಡೆ ಬರುತ್ತಾ ಬರುತ್ತಾ ಕರಗಿಹೋಗುತ್ತದೆ.’

‘ಕಾಣೋದಿಲ್ಲ, ಯಾಕಂದ್ರೆ ಇಲ್ಲ’ ಅಂದರು. ಈ ಮೀನಿನಲ್ಲಿ ಮೊದಲ ವಿಭಜನೆಗಳು ಪೂರ್ತಿ ಆಗೋದಿಲ್ಲವಂತೆ. ಕೋಶಗಳು ಕೆಳಗಡೆ ಮೊಟ್ಟೆಯ ಹಳದಿಗೆ ತೆರೆದುಕೊಂಡೇ ಇರುತ್ತವೆ. 16 ಕೋಶಗಳ ಹಂತದಲ್ಲಿ ಮಧ್ಯದ ನಾಲ್ಕು ಮೊದಲ ಸಲ ಎಲ್ಲ ಕಡೆಯಿಂದ ಮುಚ್ಚಿಕೊಳ್ಳುತ್ತವೆ. ಇದು ಅವರಿಗೆ ಚೆನ್ನಾಗಿ ಗೊತ್ತಿರುವ ವಿಷಯ. ಆದರೂ ಅವರೇ ಭಾಷಣಕ್ಕೆ ಮಾಡಿಟ್ಟ ಸ್ಲೈಡಿನಲ್ಲಿ ಎಂಟೂ ಕೋಶಗಳು ಅಚ್ಚುಕಟ್ಟಾಗಿ ಮುಚ್ಚಿದ ಗುಂಡಗಿನ ಆಕಾರಗಳು. ಕಂಪ್ಯೂಟರಿನಲ್ಲಿ ಗುಂಡಗೆ ಬರೆಯೋದು ಸಲೀಸು, ಅದಕ್ಕೇ ಹಾಗಾಗಿತ್ತು. ಲ್ಯಾಪ್‌ಟಾಪ್ ತೆರೆದು ಅಲ್ಲೇ ಕೆಳಗಿನ ಗೆರೆಗಳನ್ನು ಅಳಿಸಿದರು. ಹೊಸ ಶೋಧ ಏನೂ ಅಲ್ಲ, ಪೇಪರ್ ಬರೆಯುವಂಥದ್ದಲ್ಲ. ಆದರೆ ಅವತ್ತಿನಿಂದ ನನ್ನ ಹಾಳೆಗಳ ಬಗ್ಗೆ ಮೀಟಿಂಗಿನಲ್ಲಿ ಮಾತು ಶುರುವಾಯಿತು.

ಬಣ್ಣದ ಮಾತು ಬಂದದ್ದೂ ಹಾಗೆಯೇ. ಕಾನ್‌ಫೋಕಲ್ ಅನ್ನುವ ಲೇಸರ್ ಮೈಕ್ರೋಸ್ಕೋಪಿನ ಕತ್ತಲೆ ಕೋಣೆಯಲ್ಲಿ ಪರದೆಯ ಮೇಲೆ ಹಸಿರು, ಕೆಂಪು ಹೊಳೆಯುತ್ತಿರುತ್ತದೆ. ಹಸಿರು ಬರೋದು ಜಿಎಫ್‌ಪಿ ಅನ್ನುವ ಪ್ರೋಟೀನಿನಿಂದ. ಒಸಾಮು ಶಿಮೊಮುರಾ 1962ರಲ್ಲಿ ಒಂದು ಜೆಲ್ಲಿ ಮೀನಿನಿಂದ ಅದನ್ನು ಬೇರ್ಪಡಿಸಿದರು, 2008ರಲ್ಲಿ ಮಾರ್ಟಿನ್ ಚಾಲ್ಫಿ ಮತ್ತು ರೋಜರ್ ಚಿಯನ್ ಜೊತೆ ನೊಬೆಲ್ ಹಂಚಿಕೊಂಡರು. ಆ ಪರದೆಯ ಬಣ್ಣವನ್ನು ಮೈಕ್ರೋಸ್ಕೋಪ್ ‘ನೋಡಿದ್ದು’ ಅಂತಲೇ ನಾನು ಅಂದುಕೊಂಡಿದ್ದೆ. ಅಲ್ಲವಂತೆ. ಒಳಗಿನ ಡಿಟೆಕ್ಟರಿಗೆ ಬೆಳಕು ಎಷ್ಟು ಬಂತು ಅನ್ನೋದಷ್ಟೇ ಗೊತ್ತು, ಅಂದ್ರೆ ಬರೀ ಬೂದು. ಬಣ್ಣ ಕೊಡೋದು ಮೆನುವಿನಲ್ಲಿ ಕ್ಲಿಕ್ ಮಾಡುವ ಮನುಷ್ಯ.

ಅಂದ್ರೆ ಈ ಜನ ದಿನಾ ಬಣ್ಣ ಆರಿಸುತ್ತಿದ್ದಾರೆ! ನನ್ನ ಕಸುಬಿಗೆ ಸೇರಿದ ವಿಷಯ. ಹಾಗಾದರೆ ಕೆಂಪು ಹಸಿರನ್ನೇ ಯಾಕೆ ಜೋಡಿ ಮಾಡುತ್ತೀರಿ ಅಂತ ಕೇಳಿದೆ. ‘ಮೊದಲಿಂದ ಹಾಗೇ ಇದೆ’ ಅನ್ನೋದು ಉತ್ತರ. ಉತ್ತರ ಯುರೋಪ್ ಮೂಲದ ಗಂಡಸರಲ್ಲಿ ಸುಮಾರು 8 ಶೇಕಡಾ ಜನರಿಗೆ ಕೆಂಪು ಹಸಿರಿನ ವ್ಯತ್ಯಾಸ ಸರಿಯಾಗಿ ಕಾಣೋದಿಲ್ಲ. ಹಸಿರಿನ ಜೊತೆಗೆ ಕೆಂಪಿನ ಬದಲು ಮಜೆಂಟಾ, ಅಂದ್ರೆ ನೇರಳೆ ಬೆರೆತ ಗುಲಾಬಿ, ಇಡಿ ಅಂತ ಹಲವು ಜರ್ನಲ್ಲುಗಳು ಹೇಳುತ್ತಲೇ ಇವೆ. ಅವರದೇ ಚಿತ್ರಗಳನ್ನು ಬೇರೆ ಬೇರೆ ಜೋಡಿಗಳಲ್ಲಿ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದೆ. ಬೂದು ಬಣ್ಣದಲ್ಲೇ ಬಿಟ್ಟದ್ದನ್ನೂ ಪಕ್ಕದಲ್ಲಿಟ್ಟೆ. ಮಸುಕಾದ ವಿವರಗಳು ಬೂದಿನಲ್ಲೇ ಎಲ್ಲಕ್ಕಿಂತ ಚೆನ್ನಾಗಿ ಕಂಡವು. ಹೊಳಪು ಬಣ್ಣದ ಮೋಹ ಬಿಡೋದು ಮಾತ್ರ ಕಷ್ಟ. ಮುಂದಿನ ಪೋಸ್ಟರಿನಲ್ಲಿ ಮತ್ತೆ ಕೆಂಪು ಹಸಿರೇ ಬಂತು. ಒಬ್ಬ ಹುಡುಗ ಮಾತ್ರ ಮಜೆಂಟಾಕ್ಕೆ ಬದಲಾದ.

ಇಷ್ಟರ ನಡುವೆ ಸಂಸ್ಥೆಯ ಪ್ರಚಾರ ವಿಭಾಗಕ್ಕೆ ನಾನೊಬ್ಬ ಇದ್ದೇನೆ ಅನ್ನೋದು ಗೊತ್ತಾಯಿತು. ಲಾಬಿಯ ಗೋಡೆಗೊಂದು ದೊಡ್ಡ ಚಿತ್ರ, ಕ್ಯಾಲೆಂಡರಿಗೆ ಹನ್ನೆರಡು ಚಿಕ್ಕವು, ವಾರ್ಷಿಕೋತ್ಸವಕ್ಕೆ ಒಂದು ಲೋಗೋ. ‘ಹೇಗೂ ಇಲ್ಲೇ ಇದ್ದೀರಲ್ಲ’ ಅನ್ನುವ ಧಾಟಿ. ಕೇಳಿದವರು ಒಳ್ಳೆಯವರೇ, ಅವರಿಗೆ ಕಲಾವಿದ ಅಂದ್ರೆ ಅದೇ. ಒಪ್ಪಂದದ ಆ ಒಂದು ಸಾಲನ್ನು ತೋರಿಸಿದೆ. ಬೇಕಿದ್ದರೆ ರೆಸಿಡೆನ್ಸಿ ಮುಗಿದ ಮೇಲೆ ಬೇರೆ ಕೆಲಸವಾಗಿ, ಬೇರೆ ದರಕ್ಕೆ ಮಾಡಿಕೊಡುತ್ತೇನೆ ಅಂದೆ. ಆ ಮಾತು ಅಲ್ಲಿಗೇ ನಿಂತಿತು. ಆ ಸಾಲು ಇಲ್ಲದಿದ್ದರೆ ಉಳಿದ ತಿಂಗಳುಗಳು ಗೋಡೆ ಬಳಿಯುತ್ತಲೇ ಕಳೆಯುತ್ತಿದ್ದವು. ಈ ಕಾರ್ಯಕ್ರಮಗಳಲ್ಲಿ ಹಣಕ್ಕಿಂತ ದೊಡ್ಡದು ಯಾರೂ ಏನನ್ನೂ ಕೇಳದ ಸಮಯ. ಅದನ್ನು ಬರಹದಲ್ಲಿ ಪಡೆದುಕೊಳ್ಳದಿದ್ದರೆ ಹಣ ಕೊಟ್ಟವರಾಗಲೀ ಜಾಗ ಕೊಟ್ಟವರಾಗಲೀ ತಮಗೇ ಗೊತ್ತಿಲ್ಲದ ಹಾಗೆ ಅದನ್ನು ತೆಗೆದುಕೊಂಡುಬಿಡುತ್ತಾರೆ.

ಕೊನೆಗೆ ಆದದ್ದು ಪ್ರದರ್ಶನ. ಪುಸ್ತಕಕ್ಕೆ ಚಿತ್ರಗಳು ಸಾಲಲಿಲ್ಲ. ಹಾಳೆಗಳನ್ನು ಗಂಟೆಯ ಕ್ರಮದಲ್ಲಿ ಒಂದೇ ಸಾಲಿನಲ್ಲಿ ತೂಗುಹಾಕಿದೆವು, ಅರ್ಧಕ್ಕೆ ನಿಂತವನ್ನೂ ಸೇರಿಸಿ. ಕೆಲವು ಹಾಳೆಗಳಲ್ಲಿ ಮೂರೇ ಕೋಶ, ಯಾಕಂದ್ರೆ ನಾಲ್ಕನೆಯದು ಅಷ್ಟರಲ್ಲಿ ಎರಡಾಗಿತ್ತು. ಹೆಚ್ಚಿನವರು ನಿಂತದ್ದು ಆ ಹಾಳೆಗಳ ಮುಂದೆಯೇ. ಅಪ್ರಕಟಿತ ಕೆಲಸಕ್ಕೆ ಸಂಬಂಧಿಸಿದ ಕೆಲವು ಚಿತ್ರಗಳು ಪೆಟ್ಟಿಗೆಯಲ್ಲೇ ಉಳಿದವು, ಈಗಲೂ ಅಲ್ಲೇ ಇವೆ. ಆ ಪೇಪರ್ ಇನ್ನೂ ವಿಮರ್ಶಕರ ಕೈಯಲ್ಲಿದೆ.

ಅಂತಿಮ ವರದಿಯ ಫಾರಮ್ಮಿನಲ್ಲಿ ‘ಎಷ್ಟು ಜನರನ್ನು ತಲುಪಿತು?’ ಅಂತ ಒಂದು ಕಾಲಮ್, ಅಂಕಿ ಮಾತ್ರ ಹಾಕಬಹುದು. ಪ್ರದರ್ಶನಕ್ಕೆ ಬಂದವರ ಲೆಕ್ಕ ಹಾಕಿದೆ. ಸ್ಲೈಡ್ ತಿದ್ದಿದ ವಿದ್ಯಾರ್ಥಿನಿಯನ್ನು, ಮಜೆಂಟಾದ ಹುಡುಗನನ್ನು ಹಾಕೋದಕ್ಕೆ ಜಾಗವಿರಲಿಲ್ಲ. ಅದಕ್ಕೆ ‘ಇತರ ವಿವರಗಳು’ ಅನ್ನುವ ಕಡೆ ಅವರಿಬ್ಬರ ಬಗ್ಗೆ ಎರಡು ಪ್ಯಾರಾ ಬರೆದೆ. ಫೌಂಡೇಶನ್ನಿನವರು ಅದನ್ನು ಓದಿದರೋ ಇಲ್ಲವೋ, ಕೊನೆಯ ಕಂತು ಮಾತ್ರ ಎರಡು ನೆನಪೋಲೆ ಹಾಕಿದ ಮೇಲೆ ಬಂತು.